ಒಂದಕ್ಕೆ ಮೂವತ್ತೈದು

ಲಷ್ಕರ್ ಮೊಹಲ್ಲಾದ ಓಣಿಯಲ್ಲಿ ಹಗಲೆಲ್ಲ
ಹಲ್ಲು ಮಾಡುವುದು ನನ್ನ ಕಸುಬು.
ಡಾಕ್ಟರು ಕಳಿಸಿದ ಅಚ್ಚಿಗೆ ಗಾರೆ ಸುರಿದು
ಮೇಣ ಕರಗಿಸಿ, ಅಕ್ರಿಲಿಕ್ ಬೇಯಿಸಿ,
ಅರವತ್ತರ ಬಾಯಿಗೆ ಅರವತ್ತರದೇ ಹಲ್ಲು.
ತೀರ ಬೆಳ್ಳಗಿದ್ದರೆ ಯಾರೂ ನಂಬುವುದಿಲ್ಲ,
ಬುಡದಲ್ಲೊಂದೆಳೆ ಚಹಾದ ಬಣ್ಣ ಬಿಡಬೇಕು.

ಸಂಜೆ ಅದೇ ಮೇಜಿನ ಮೇಲೆ ಟ್ಯಾಂಕು, ಜೀಪು, ಲಾರಿ,
ಅಂಗೈಯಗಲ.
ಅಂಟಿಸಿ ಹಸಿರು ಬಳಿದರೆ ಅರ್ಧ ಕೆಲಸ.
ಫಳಫಳ ಹೊಳೆಯುವ ಯುದ್ಧದ ಗಾಡಿ
ತಾನು ಎಲ್ಲಿಗೂ ಹೋಗಿಲ್ಲವೆಂದು ತಾನೇ ಹೇಳಿಬಿಡುತ್ತದೆ.
ಅದಕ್ಕೇ ಕೆಸರು.

ಸುಲಭ ಅಂದುಕೊಂಡಿದ್ದೆ.
ಆದರೆ ಮರಳಿನ ಒಂದು ಕಾಳು ಇಲ್ಲಿ
ನಿಂಬೆಗಾತ್ರದ ಕಲ್ಲು.
ಹಿಟ್ಟಿನ ಜರಡಿ ಸಾಲದೆ
ಹೆಂಡತಿಯ ಹಳೇ ವಾಯಿಲ್ ಸೀರೆಯಲ್ಲಿ ಸೋಸಿದೆ
(ಜರಡಿ ಅವಳ ಕೈಗೆ ಸಿಕ್ಕ ದಿನದ ಕತೆ ಬೇರೆ).

ಸಿದ್ದಜವರಯ್ಯ ಬಂದದ್ದು ಮುರಿದ ಸೆಟ್ಟು ಬೆಸೆಸಲು.
ಪಾಂಡವಪುರದ ಕಡೆಯವರು. ಹದಿನೇಳು ವರ್ಷ ಮಿಲಿಟರಿ ಡ್ರೈವರು,
ಈಗ ಬ್ಯಾಂಕಿನ ಬಾಗಿಲಲ್ಲಿ ಬಂದೂಕು.
ಕಪಾಟಿನ ಮುಂದೆ ತುಂಬಾ ಹೊತ್ತು ನಿಂತು
ಬೊಚ್ಚುಬಾಯಲ್ಲಿ ಕೇಳಿದರು:
"ನನ್ ಗಾಡಿ ಮಾಡ್ಕೊಡ್ತೀರಾ? ಮೂರು ಟನ್ನಿಂದು."

ಮುಂದಿನ ವಾರ ಟಿಫಿನ್ ಡಬ್ಬಿಯಲ್ಲಿ ಮಣ್ಣು ತಂದರು,
ನಾಲೆ ಏರಿಯದು, ಕಬ್ಬಿನ ಬೇರಿನ ಎಳೆ ಇನ್ನೂ ಇತ್ತು.
ಅರೆದೆ, ಫೆವಿಕಾಲಲ್ಲಿ ಕಲಸಿದೆ,
ಹಲ್ಲುಜ್ಜುವ ಬ್ರಷ್ಷನ್ನು ಹೆಬ್ಬೆರಳಲ್ಲಿ ಮೀಟಿ ಸಿಡಿಸಿದೆ.
ಮಡ್‌ಗಾರ್ಡಿನೊಳಗೆ ದಪ್ಪ, ಮೇಲೇರಿದಂತೆ ತೆಳು,
ಅಂಚು ಒಣಗಿ ತಿಳಿ, ಸಂದಿಯಲ್ಲಿ ವಾರ್ನಿಷಿನ ಹಸಿ.
ಹೆಮ್ಮೆಯಿಂದ ಕೈಯಲ್ಲಿಟ್ಟೆ.

ಕನ್ನಡಕ ಏರಿಸಿದರು. ಇಳಿಸಿದರು.
"ಇದು ನಮ್ಮೂರ ಮಣ್ಣು ಸಾ.
ಗಾಡಿ ನಮ್ಮೂರಿಗೆ ಬಂದೇ ಇರ್ನಿಲ್ವಲ್ಲ."
ನೀವೇ ತಂದದ್ದು ಅಂದೆ.
"ಹೂಂ, ನಾನೇಯ. ಮಣ್ಣು ಅಂದ್ರೆ ಕೈ ಆ ಕಡೀಕೇ ಹೋಯ್ತದೆ."

ಅಲ್ಲಿಯದು ಬೂದಿಯಂತೆ. ಒಣಗಿದರೆ ಹಪ್ಪಳ, ನೆನೆದರೆ ಸೋಪು.
"ಕೆಸರಿಗೂ ದಿಕ್ಕದೆ. ಗಾಲಿ ಎತ್ಲಾಗೆ ತಿರುಗ್ತದೋ ಅತ್ಲಾಗೆ.
ಬಲಗಡೆ ಬಾಗ್ಲಲ್ಲಿ ಈ ಮೊಣಕೈ ಜಾಗ ಸವೆದು ತಗಡು ಕಾಣ್ಬೇಕು.
ಮೆಟ್ಲು ಬೂಟಿಗೆ ಉಜ್ಜಿ ಉಜ್ಜಿ ಬೆಳ್ಳಗೆ."
ಎಡಗಡೆ?
ಸೆಟ್ಟು ಹಾಕಿಕೊಂಡರು. ತೆಗೆದರು.
"ಎಡಗಡೆ ಮೆಟ್ಲಿಗೆ ಕೆಸರು ಹಂಗೇ ಗಟ್ಟಿಯಾಗಿರ್ಲಿ.
ಆ ಮಾರ್ಚಿಂದ ಅಲ್ಲಿಗ್ಯಾರೂ ಕಾಲಿಕ್ನಿಲ್ಲ."

ನಾನು ಕೇಳಲಿಲ್ಲ.

ಎಲ್ಲ ತೊಳೆದು ಮತ್ತೆ ಶುರು, ಈ ಸಲ ಒಲೆಬೂದಿ.
ಅಕ್ಕಿಕಾಳಿನುದ್ದದ ಮೆಟ್ಟಿಲು.
ಬೂಟು ತುಳಿದದ್ದನ್ನು ಮಾಡಬಲ್ಲೆ,
ಯಾರೂ ತುಳಿಯದ್ದನ್ನು ಮಾಡುವುದು ಹೇಗೆ?
ಮೂರು ಸಲ ಮೆತ್ತಿ ಮೂರು ಸಲ ಕೆರೆದೆ.
ಕೊನೆಗೆ ದವಡೆಗೆ ಸುರಿಯುವ ಗಾರೆಯನ್ನೇ
ಮೇಣದ ಚಾಕುವಿನ ತುದಿಯಲ್ಲಿ ಪದರ ಪದರ,
ಒಂದು ಪೂರಾ ಒಣಗಿದ ಮೇಲೆ ಇನ್ನೊಂದು,
ಮೇಲೆ ಬಾಯಿಂದ ಊದಿದ ಧೂಳು.
ನೋಡಿ ತಲೆಯಾಡಿಸಿ ತೆಗೆದುಕೊಂಡು ಹೋದರು.

ಆಯುಧಪೂಜೆ ಆದ ಮಾರನೇ ದಿನ
ಪೇಪರಿನಲ್ಲಿ ಸುತ್ತಿ ವಾಪಸು ತಂದರು.
ಸ್ಕೂಟರು, ಪಂಪ್‌ಸೆಟ್ಟು, ಕುಡುಗೋಲು ತೊಳೆದ ಸೊಸೆ
ಇದನ್ನೂ ಬಕೀಟಿಗದ್ದಿ ತಿಕ್ಕಿ ಕುಂಕುಮವಿಟ್ಟಿದ್ದಳಂತೆ.
ಗಾಲಿಯಡಿ ಇಡಲು ನಿಂಬೆ ದೊಡ್ಡದಾಗಿ
ನಾಲ್ಕು ಸುಂಡೆಕಾಯಿ ಹುಡುಕಿ ತಂದಳಂತೆ.
ಫೆವಿಕಾಲ್ ನೀರಿಗೆ ನಿಲ್ಲುತ್ತದೆಯೇ?
ಮೂರು ವಾರದ ಕೆಸರು ಬಚ್ಚಲಿಗೆ.

"ಇನ್‌ಸ್ಪೆಕ್ಷನ್ ಅಂದ್ರೆ ನಾವೂ ಹಿಂಗೇ ತಿಕ್ತಿದ್ದೋ,"
ನಕ್ಕರು, ನಾನು ಬೆಸೆದ ಹಲ್ಲಲ್ಲಿ.
ಮತ್ತೆ ಹಾಕಿಕೊಡಲಾ ಎಂದೆ.
"ಬ್ಯಾಡಿ. ತೊಳ್ದೌಳೆ, ಇರ್ಲಿ."
ಎಡಕ್ಕೆ ತಿರುಗಿಸಿ ಉಗುರಿನಿಂದ ಮೆಟ್ಟಿಲು ಮುಟ್ಟಿದರು.
ಗಾರೆ ಅಲುಗಿರಲಿಲ್ಲ.
ತೋರಿಸಲಷ್ಟೇ ಬಂದವರು, ಡ್ಯೂಟಿಗೆ ಹೊತ್ತಾಯಿತೆಂದು
ಗಾಡಿ ಮೇಜಿನ ಮೇಲೇ ಬಿಟ್ಟು ಹೊರಟರು, ಸಂಜೆ ಒಯ್ಯುತ್ತಾರಂತೆ.

ಟೈರಿನ ಗೀರುಗಳಲ್ಲಿ ಕುಂಕುಮ ಸಿಕ್ಕಿಕೊಂಡಿತ್ತು.
ಅದು ಯಾವ ದಿಕ್ಕಿನಿಂದ ಹಾಗೆ ಕೂತಿತೆಂದು
ಭೂತಗನ್ನಡಿ ಹಿಡಿದು ನೋಡುತ್ತಿದ್ದೆ,
ಅತ್ತ ಒಲೆಯ ಮೇಲೆ ಯಾರದೋ ದವಡೆ
ಬೇಯುತ್ತಿರುವುದನ್ನು ಮರೆತು.