ಐವತ್ತೊಂದು ಪಾಲು

ಟೊಲೀಡೊ ಊರಿನ ನದಿಯಾಚೆ, ರೈಲು ಹಳಿಗಳ ಮಗ್ಗುಲಲ್ಲಿ
ವರ್ನೆಲ್ ಟಬ್ಸ್‌ಳ ಷೆಡ್ಡು.
ನಾನು ಸರ್ಕಾರದ ಕಡೆಯಿಂದ ಬಂದವನು:
ಹನ್ನೊಂದು ಪುಟದ ಅರ್ಜಿ, ಒಂದು ಪೆನ್ನು,
ನಿನ್ನೆಯಷ್ಟೇ ಪಾಲಿಷ್ ಕಂಡ ಬೂಟು.

ಕಂಪನಿಯಲ್ಲಿ ನೂರಕ್ಕೆ ಐವತ್ತೊಂದು ಪಾಲು
ಅಲ್ಪಸಂಖ್ಯಾತರದೇ ಹೌದೋ,
ಹೌದಾದರೆ ಬರೀ ಕಾಗದದ ಮೇಲೋ
ಕೆಲಸದಲ್ಲೂ ಹೌದೋ
ನೋಡಿ ಬರೆಯುವುದು ನನ್ನ ನೌಕರಿ.
ನಾನು ಹೂಂ ಎಂದರೆ
ಶಾಲೆಗಳ ಸೂರಿನ ಗುತ್ತಿಗೆಗೆ ಅವಳಿಗೂ ಒಂದು ಸಾಲು,
ಬ್ಯಾಂಕಿನ ಸಾಲಕ್ಕೆ ಸರ್ಕಾರದ ಜಾಮೀನು.

ವ್ಯಾನಿನ ಮೇಲೆ ‘ಟಬ್ಸ್ ಅಂಡ್ ಡಾಟರ್’.
ಮೊದಲು ‘ಸನ್’ ಅಂತಿತ್ತು. ಬಿಳಿ ಬಳಿದು ಬರೆದದ್ದು.
ಬಿಸಿಲು ಬಿದ್ದರೆ
ಅಣ್ಣ ಅಡಿಯಿಂದ ಇಣುಕುತ್ತಾನೆ.
“ಅವನಿಗೆ ಏಣಿ ಅಂದರೆ ಹೆದರಿಕೆ” ಎಂದಳು, ಅಷ್ಟೆ.

ಪ್ರಶ್ನೆ ನಾಲ್ಕು: ನೀವು ಯಾರು?
ತನ್ನ ಜನನಪತ್ರ ಕೊಟ್ಟಳು. ಕೇಳದಿದ್ದರೂ
ಅಜ್ಜಿಯದನ್ನೂ ಕೊಟ್ಟಳು.
‘ಬಣ್ಣ’ ಎಂಬ ಕಾಲಮ್ಮಿನಲ್ಲಿ ಯಾವನೋ ಗುಮಾಸ್ತ
ದುಂಡಗೆ ಬರೆದಿದ್ದಾನೆ, ಶಾಯಿ ಇನ್ನೂ ಮಾಸಿಲ್ಲ.
“ನಮ್ಮಪ್ಪ ಸಾಲ ಕೇಳೋಕೆ ಹೋದರೆ
ಬಾಗಿಲಲ್ಲೇ ಗೊತ್ತಾಗಿಬಿಡುತ್ತಿತ್ತು ಅವರಿಗೆ,
ಒಂದು ಕಾಗದ ಕೇಳಲಿಲ್ಲ.
ಈಗ ಕೊಡೋ ಹೊತ್ತು ಬಂತು ನೋಡಿ,
ಎಲ್ಲರ ಕಣ್ಣಿಗೂ ಪೊರೆ.”
ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ.
ಬೇಕು. ಮೂರು ಪ್ರತಿ, ನೋಟರಿಯ ಮೊಹರಿನೊಂದಿಗೆ.

ಪ್ರಶ್ನೆ ಇಪ್ಪತ್ತೇಳು: ತೀರ್ಮಾನ ಮಾಡುವವರು ಯಾರು?
“ಹತ್ತಿ” ಎಂದಳು.

ಮುಚ್ಚಿದ ಲಾಂಡ್ರಿಯ ಚಾವಣಿ. ಮಾರ್ಚಿನ ಗಾಳಿ
ನನ್ನ ಟೈಯನ್ನು ಕತ್ತಿನ ಹಿಂದಕ್ಕೆ ಎಸೆಯಿತು.
ಕೆಳಗೆ ಕುದಿವ ಡಾಂಬರಿನ ಹಂಡೆ,
ಮುಳ್ಳು ಹಸಿರಿಗೆ ಬಂದು ನಿಂತಿದೆ, ಆಯಿತು ಅನ್ನುತ್ತಿದೆ.
ಅವಳು ಬಗ್ಗಿ ಹೊಗೆ ಮೂಸಿದಳು,
ಅನ್ನದ ಹದ ನೋಡುವವರ ಹಾಗೆ.
“ಇನ್ನೂ ಹತ್ತು ನಿಮಿಷ.”
ಸರಿಯೋ ತಪ್ಪೋ ನಾನೇನು ಬಲ್ಲೆ?
ಆದರೆ ನಾಲ್ಕು ಜನ ಗಂಡಸರು, ಎತ್ತಿದ ಬಕೆಟ್ಟು
ಎತ್ತಿದಲ್ಲೇ ಇಳಿಸಿ
ಸಿಗರೇಟು ಹಚ್ಚಿದರು.
ಉತ್ತರಕ್ಕೆ ಅರ್ಜಿಯಲ್ಲಿ ಎರಡೇ ಗೆರೆ ಜಾಗ.

ಕಾಯುತ್ತ ಹೇಳಿದಳು, ಕೇಳದೇ:
“ಹೋದ ವಾರ ದೊಡ್ಡ ಕಂಪನಿಯವನೊಬ್ಬ ಬಂದಿದ್ದ,
ಸೇಬಿನ ಬುಟ್ಟಿ ಹಿಡಿದು. ನಿಮ್ಮ ಸರ್ಟಿಫಿಕೇಟು ಬರಲಿ,
ಹೆಸರು ನಿಮ್ಮದು, ಕೆಲಸ ನಮ್ಮದು,
ಮನೇಲಿ ಕೂತಿರಿ, ನೂರಕ್ಕೆ ಐದು ತಿಂಗಳ ಕೊನೆಗೆ.
ನಮ್ಮಜ್ಜಿಯ ಅಜ್ಜನನ್ನ ಕೊಂಡವರಿಗೆ
ಮೈ ಬೇಕಿತ್ತು, ಹೆಸರು ಬೇಡವಾಗಿತ್ತು.
ಇವನಿಗೆ ಹೆಸರು ಬೇಕು,
ಮೈ ಬೇಡ.”
“ಏನೆಂದಿರಿ?”
“ಸೇಬು ಇಟ್ಟುಕೊಂಡೆ. ತಗೊಳ್ಳಿ, ಒಂದು.”
ನಿಯಮದ ಪ್ರಕಾರ ನಾನು ತಗೊಳ್ಳುವಂತಿಲ್ಲ.
ಅವಳೇ ಕಚ್ಚಿದಳು.

ಹತ್ತು ನಿಮಿಷ ಆಯಿತು. ಯಾರೂ ಗಡಿಯಾರ ನೋಡಲಿಲ್ಲ.
ಕೈತೊಳೆಯಲು ನೀರಿಲ್ಲದ ಎತ್ತರದಲ್ಲಿ
ಏಳನೇ ಪುಟದ ಮೇಲೆ ಅಂಗೈಯೂರಿ
ಸಹಿ ಹಾಕಿದಳು ವರ್ನೆಲ್ ಟಬ್ಸ್.

ನಾನು ಹೂಂ ಎಂದು ಬರೆದೆ.
ಹದಿನಾರು ದಿನಕ್ಕೆ ಮೇಲಿನಿಂದ ಚೀಟಿ:
ಪುಟ ಏಳು ಕೊಳೆಯಾಗಿದೆ,
ಶುಭ್ರ ಪ್ರತಿಯಲ್ಲಿ ಮತ್ತೆ ಸಲ್ಲಿಸತಕ್ಕದ್ದು.

ಹೊಸ ಪುಟ ಚೀಲದಲ್ಲಿಟ್ಟು ಹೊರಟಿದ್ದೇನೆ.
ಬೂಟಿನ ಅಡಿಗೆ ಅಂಟಿದ್ದು ಇನ್ನೂ ಬಿಟ್ಟಿಲ್ಲ;
ಕಚೇರಿಯ ಕಾರ್ಪೆಟ್ಟಿನ ಮೇಲೆ
ನನ್ನ ಮೇಜಿನಿಂದ ಸಾಹೇಬರ ಬಾಗಿಲವರೆಗೆ
ಕರಿ ಕರಿ ಹೆಜ್ಜೆ.
ಯಾರದೆಂದು ವಿಚಾರಣೆ ನಡೆಯುತ್ತಿದೆ.