ಇಪ್ಪತ್ತಮೂರು ಅಂಗುಲ

ನಮ್ಮ ಮನೆಯ ನೆಲದ ಹಲಗೆಗಳನ್ನು ಅಳೆದು ನೋಡಿ,
ಒಂದಾದರೂ ಇಪ್ಪತ್ತಮೂರು ಅಂಗುಲ ದಾಟಿಲ್ಲ.
ಇಪ್ಪತ್ತನಾಲ್ಕಾದರೆ ಅದು ದೊರೆಯದು.

ನಾನು ಜೋಥಮ್, ಪಿಸ್ಕಾಟಕ್ವಾ ನದಿಯ ಮೇಲುದಂಡೆಯವನು.
ಅಪ್ಪ ಬಿಟ್ಟುಹೋದದ್ದು ನೀರಿನ ಚಕ್ರ, ಒಂದು ಗರಗಸ,
ಮಂಡಿನೋವು.

ಹಿಮ ಕರಗಿದ ವಾರವೇ ಬರುತ್ತಾನೆ ಸರ್ಕಾರದ ಮೋಜಣಿಯವನು.
ಎತ್ತರದ ಪೈನು ಕಂಡರೆ ಕೊಡಲಿಯಿಂದ ಮೂರು ಏಟು:
ಕಾಗೆ ಕಾಲೂರಿ ಹೋದ ಹಾಗೆ ಗುರುತು.
ಹಡಗಿನ ಕಂಬಕ್ಕಂತೆ.
ಆಮೇಲೆ ಆ ಮರ ನನ್ನ ಬೇಲಿಯೊಳಗೇ ನಿಂತಿದ್ದರೂ
ನನ್ನ ಪಾಲಿಗೆ ಪರರ ಹೆಂಡತಿ,
ಕಣ್ಣೆತ್ತಿ ನೋಡುವಂತಿಲ್ಲ.

ಅಂಥದೊಂದು ಮರ ಸಿಡಿಲಿಗೆ ಸಿಕ್ಕಿ
ಕೊಟ್ಟಿಗೆಯ ಮೇಲೆ ಬಿತ್ತು.
ಕೊಟ್ಟಿಗೆ ನನ್ನದು. ಸತ್ತ ಹಸು ನನ್ನದು.
ಮರ ದೊರೆಯದು.
ಹಸುವನ್ನು ಎಳೆಯಲು ಮರ ಕಡಿದೆನಲ್ಲ,
ಅದಕ್ಕೆ ದಂಡ.

ಅರ್ಜಿ ಬರೆದೆ. ಪಾದ್ರಿ ತಿದ್ದಿಕೊಟ್ಟರು,
'ತಮ್ಮ ಪಾದದ ಧೂಳು' ಎಂದು ಕೊನೆಗೆ ಸೇರಿಸಿದರು.
ಹಡಗು ಹತ್ತುವಾಗ ಮಗು ಹೊಟ್ಟೆಯಲ್ಲಿತ್ತು,
ಉತ್ತರ ಇಳಿಯುವಾಗ ಅಂಗಳದಲ್ಲಿ ಕೋಳಿ ಅಟ್ಟುತ್ತಿತ್ತು.
ಉತ್ತರ ಒಂದೇ ಸಾಲು: ಗಮನಿಸಲಾಗಿದೆ.

ತಾಯಿನಾಡು ಕಣಯ್ಯಾ, ಎನ್ನುತ್ತಾರೆ ಪಾದ್ರಿ,
ತಾಯಿ ಹೊಡೆದರೂ ತಾಯಿಯೇ.
ಇರಬಹುದು.
ಆ ತಾಯಿಯ ಮುಖ ನಾನು ಕಂಡಿಲ್ಲ,
ಕಂಡದ್ದು ಅವಳ ಅರಗಿನ ಮುದ್ರೆ.
ಅವಳ ಮೊಲೆಹಾಲಿನ ಹಂಗು
ನನ್ನ ಅಜ್ಜನ ಕಾಲಕ್ಕೇ ತೀರಿತ್ತು.

ಅಷ್ಟಕ್ಕೆಲ್ಲ ಬಂದೂಕು ಹಿಡಿಯುತ್ತಾರೆಯೇ?
ಇಲ್ಲ. ಅಷ್ಟಕ್ಕೆ ನಾನೂ ಹಿಡಿದಿರಲಿಲ್ಲ.
ಗೊಣಗಿದೆ, ದಂಡ ಕಟ್ಟಿದೆ, ಹೊಸ ಹಸು ತಂದೆ.

ಒಂದು ರಾತ್ರಿ ಮೆಹಿಟಬೆಲ್ ಕಾಲುಚೀಲ ಹೊಲಿಯುತ್ತ
ತಲೆಯೆತ್ತದೆ ಕೇಳಿದಳು:
'ಓಕ್ ಮರಕ್ಕೆ ಯಾರ ಗುರುತೂ ಇಲ್ಲವಲ್ಲ,
ಅದನ್ನೂ ಯಾಕೆ ಅಷ್ಟಕ್ಕೇ ಸೀಳುತ್ತೀರಿ?'

ಗಿರಣಿಗೆ ಹೋಗಿ ಲಾಂದ್ರ ಹಿಡಿದು ಅಳೆದೆ.
ಓಕ್, ಮೇಪಲ್, ಹಂದಿಗೂಡಿನ ಹಲಗೆ,
ಕೂಸಿನ ಶವಪೆಟ್ಟಿಗೆಗೆಂದು ಕೊಯ್ದು ಉಳಿದ ತುಂಡು:
ಎಲ್ಲ ಇಪ್ಪತ್ತಮೂರರ ಒಳಗೇ.
ಯಾರೂ ಹೇಳಿರಲಿಲ್ಲ. ಕೈ ತಾನೇ ನಿಂತಿತ್ತು.
ಕಡಲಾಚೆಯ ದೊರೆ, ನನ್ನ ಹೆಸರೂ ಅರಿಯದವನು,
ನನ್ನ ಮಣಿಕಟ್ಟಿನಲ್ಲಿ ಕುರ್ಚಿ ಹಾಕಿ ಕೂತಿದ್ದ.

ಮುಖಕ್ಕೆ ಮಸಿ ಬಳಿದುಕೊಂಡು ಹೊರಟವರ ಜೊತೆ
ಆಮೇಲೆಯೇ ಸೇರಿದ್ದು.

ಇನ್ನೊಂದು ಮಾತು. ಹೇಳದೆ ಮುಗಿಸಬಹುದಿತ್ತು.
ಬುಟ್ಟಿ ಮಾರಲು ಬರುವ ಅಬೆನಾಕಿ ಮುದುಕ ಸಬಟಿಸ್‌ಗೆ
ಹೆಮ್ಮೆಯಿಂದ ಹೇಳಿದೆ:
ನಮ್ಮ ನೆಲ, ನಮ್ಮ ಮರ, ದೂರದವನಿಗೆ ಏನು ಹಕ್ಕು?
ಅವನು ಬುಟ್ಟಿಗಳನ್ನು ಒಂದರೊಳಗೊಂದು ಜೋಡಿಸುತ್ತ
'ನನ್ನಜ್ಜನೂ ಇದನ್ನೇ ಕೇಳಿದ್ದ' ಅಂದ,
'ನಿನ್ನಜ್ಜನನ್ನು.'
ಚೌಕಾಸಿ ಮಾಡದೆ ಎರಡು ಬುಟ್ಟಿ ಕೊಂಡೆ.

ಈಗ ಮನೆಯಲ್ಲೊಂದು ಹಲಗೆ ಇದೆ,
ಪೈನಿನದು, ಮೂವತ್ತೊಂದು ಅಂಗುಲ.
ಅಂಟು ಇನ್ನೂ ಒಸರುತ್ತದೆ.
ನೆಲಕ್ಕೆ ಹಾಸಿಲ್ಲ, ಬಾಗಿಲಿಗೆ ಎದುರಾಗಿ ಒರಗಿಸಿದ್ದೇನೆ,
ಬಂದವರಿಗೆ ಮೊದಲು ಅದೇ ಕಾಣಲಿ ಎಂದು.
ಸಬಟಿಸ್ ಬರುವ ದಿನ ಮಾತ್ರ
ಅದರ ಮೇಲೊಂದು ಕಂಬಳಿ ಎಳೆಯುತ್ತೇನೆ.