ಲೆಕ್ಕದ ಗುಡ್ಡೆ

ಟ್ರಸ್ಟಿನ ಲೆಕ್ಕ ಬರೆಯುವವನು ನಾನು.
ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ,
ಬಾಗಿಲು ಕೂರದ ಬೀರು, ಎರಡು ರಸೀದಿ ಪುಸ್ತಕ.
ಗುಡ್ಡ ಹತ್ತುವುದು ನನ್ನ ಕೆಲಸವಲ್ಲ.
ಆದರೂ ಹತ್ತಿದೆ, ವೋಚರಿಗೆ ಸಹಿ ಬೇಕಿತ್ತು.

ಮ್ಯಾಗಳಹಟ್ಟಿಗೆ ದಾರಿಯೆಂಬುದಿಲ್ಲ,
ಇರುವುದು ಕುರಿಗಳ ನೆನಪು:
ಅವು ತಲೆಮಾರುಗಟ್ಟಲೆ ನಡೆದು ಸವೆಸಿದ ಬಿಳಿ ಗೆರೆ,
ಕಾರೆ ಮುಳ್ಳಿನ ನಡುವೆ, ಬಂಡೆಯ ಸಂದಿನಲ್ಲಿ.
ನೆತ್ತಿಯ ಮೇಲೆ ಗಾಳಿಕಂಬಗಳು ರೆಕ್ಕೆ ತಿರುವುತ್ತ
ಕರೆಂಟನ್ನು ಎಲ್ಲಿಗೋ ಕಳಿಸುತ್ತಿದ್ದವು,
ಸದ್ದನ್ನು ಮಾತ್ರ ಹಟ್ಟಿಗೆ ಬಿಟ್ಟು.

ನಲವತ್ತೊಂದು ಮನೆ. ಕೆಳಗೆ ಕಮರಿಯಲ್ಲಿ ಒಂದು ಒರತೆ.
ಒರತೆಯ ನೀರನ್ನು ಮೇಲಕ್ಕೆ ತರಲು
ಹಟ್ಟಿಯನ್ನು ಕಂಡಿರದ ಯಾರ್ಯಾರೋ ಹಣ ಕೊಟ್ಟಿದ್ದರು:
ದಾವಣಗೆರೆಯ ನಿವೃತ್ತ ನರ್ಸಮ್ಮ, ಒಬ್ಬ ಮಂಡಕ್ಕಿ ಭಟ್ಟಿಯವರು,
ತಾಯಿಯ ತಿಥಿಗೆಂದು ಹೆಸರು ಹೇಳದ ಇನ್ನೊಬ್ಬರು.
ಸಿಮೆಂಟು ಇನ್ನೂರ ಹದಿನಾಲ್ಕು ಚೀಲ,
ಮರಳು ಒಂಬತ್ತು ಲೋಡು, ಪೈಪು, ಸೋಲಾರ್ ತಟ್ಟೆ ಆರು,
ಎಲ್ಲಕ್ಕೂ ಬಿಲ್ಲಿದೆ, ಎಲ್ಲವೂ ತಾಳೆಯಾಗುತ್ತದೆ.

ಟ್ರ್ಯಾಕ್ಟರು ನಿಂತದ್ದು ಗುಡ್ಡದ ಬುಡದಲ್ಲಿ.
ಅಲ್ಲಿಂದಾಚೆ 'ಸಾಗಾಣಿಕೆ' ಖಾನೆಯಲ್ಲಿ ಸೊನ್ನೆ.
ಷರಾ: ಶ್ರಮದಾನ.
ನಾಲ್ಕಕ್ಷರ. ಬರೆಯಲು ಒಂದು ಉಸಿರೂ ಬೇಡ.

ತೊಟ್ಟಿಯ ಪಕ್ಕ ಕಲ್ಲಿನ ಗುಡ್ಡೆ, ನನ್ನೆದೆಯ ಎತ್ತರ.
'ಇದೇನಮ್ಮ?' ಅಂದೆ.
ಕ್ಯಾತಮ್ಮ ಎಲೆಯಡಿಕೆ ಉಗಿದು ಬಂದಳು:
'ಒಂದು ಸಲ ಹೊತ್ಕೊಂಡು ಹತ್ತಿದ್ರೆ ಒಂದು ಕಲ್ಲು.'
'ಪುಸ್ತಕದಲ್ಲಿ ಬರೆಯಬಹುದಿತ್ತಲ್ಲ?'
'ಬರ್ದಿಟ್ರೆ ನೀನು ಒಯ್ತೀಯ ಕಣಪ್ಪ.
ಕಲ್ಲಾದ್ರೆ ಇಲ್ಲೇ ಇರ್ತೈತೆ.'

ಆಮೇಲೆ ಒಂದೊಂದೇ ಹೊರಬಿತ್ತು.
ಚೀಲವನ್ನು ಎರಡು ಪಾಲು ಮಾಡಿ ಹೊತ್ತದ್ದು,
ಸಣ್ಣೀರಪ್ಪನ ಹೆಬ್ಬೆರಳಿನ ಉಗುರು ಹೋದದ್ದು,
ಏಳು ತಿಂಗಳಿಗೆ ಚಿತ್ತಮ್ಮ ಹೊರುವುದು ನಿಲ್ಲಿಸಿ
ಇಳಿದು ಬರುವವರಿಗೆ ಅಂಬಲಿ ಕಾಸಿದ್ದು.
ಅಂಬಲಿಗೆ ಕಲ್ಲುಂಟೋ ಇಲ್ಲವೋ ಎಂದು
ಒಂದಿಡೀ ರಾತ್ರಿ ನ್ಯಾಯ ನಡೆದದ್ದು.
(ಉಂಟು ಎಂದಾಯಿತು. ದಿನಕ್ಕೊಂದು.)
ನೀರಿನ ಬಾಟಲಿ ಹೊತ್ತು ಬಂದ ಹುಡುಗ ಜುಂಜ
ಕದ್ದು ಕಲ್ಲಿಡುವಾಗ ಸಿಕ್ಕಿಬಿದ್ದದ್ದು,
ಅತ್ತದ್ದು,
ಕೊನೆಗೆ ಹುಣಸೆಬೀಜದಷ್ಟು ಹರಳಿಗೆ
ಎಲ್ಲರೂ ಒಪ್ಪಿದ್ದು.

ನೀರು ಬಿಡುವ ದಿನ ನರ್ಸಮ್ಮನೇ ಬಂದರು,
ಆರು ಕಡೆ ಕೂತು, ಎದ್ದು, ಸೆರಗಿನಿಂದ ಗಾಳಿ ಹಾಕಿಕೊಂಡು.
ಕರಿ ಕಲ್ಲಿನ ಫಲಕದಲ್ಲಿ ಅವರದೇ ಮೊದಲ ಹೆಸರು.
ಅಕ್ಷರಕ್ಕೆ ಹದಿನೆಂಟು ರೂಪಾಯಿ, ಅದಕ್ಕೂ ಬಿಲ್ಲಿದೆ.
ಫೋಟೋದವನು ಅಂದ:
'ಈ ಗುಡ್ಡೆ ಯಾಕೆ ತೆಗೆದಿಲ್ಲ? ಅಡ್ಡ ಬರುತ್ತೆ.'
ಯಾರೂ ಮಾತಾಡಲಿಲ್ಲ. ಮೇಕೆಯೊಂದು ಅದರ ಮೇಲೆ ಹತ್ತಿ ನಿಂತಿತು.

ನರ್ಸಮ್ಮ ಕೇಳಿ ತಿಳಿದರು. ಸುಮ್ಮನಾದರು.
ಆಮೇಲೆ, ಸಣ್ಣ ದನಿಯಲ್ಲಿ:
'ನಾನೂ ಒಂದು ಇಡಲೇ?'
ಕ್ಯಾತಮ್ಮ ನೇರ ನೋಡಿದಳು:
'ಏನು ಹೊತ್ತ್ರಿ ತಾಯೀ?'

ನನ್ನ ಎದೆ ಧಸಕ್ಕೆಂದಿತು. ಮುಂದಿನ ವರ್ಷದ ಚೆಕ್ಕು ನೆನಪಾಯಿತು.
ಆಕೆ ಚೀಲ ತೆರೆದು ತಡಕಿದರು:
ಕನ್ನಡಕದ ಪೆಟ್ಟಿಗೆ, ಬಿ.ಪಿ. ಮಾತ್ರೆ,
ಅರ್ಧ ಖಾಲಿಯಾದ ನೀರಿನ ಬಾಟಲಿ.
ಅದನ್ನೇ ಎತ್ತಿ ತೋರಿಸಿದರು, ತಪ್ಪಿತಸ್ಥೆಯ ಹಾಗೆ.

ಜುಂಜ ಓಡಿದ.
ಎಲ್ಲಿಂದಲೋ ಹುಣಸೆಬೀಜದಷ್ಟು ಹರಳು ಆರಿಸಿ ತಂದು
ಅವರ ಅಂಗೈಯಲ್ಲಿಟ್ಟ.

ಮಾರ್ಚಿನಲ್ಲಿ ಆಡಿಟರು ಬಂದರು.
'ಇದೇನ್ರೀ, ಸಾಗಾಣಿಕೆ ಖಾನೆಯಲ್ಲಿ ಸೊನ್ನೆ ಹೊಡೆದು ಹಾಕಿ
ಸ್ಥಳದಲ್ಲೇ ನೋಡುವುದು ಅಂತ ಬರೆದಿದ್ದೀರಿ?'
ಹೌದು ಸಾರ್, ಅಂದೆ.
ಬೆಳಿಗ್ಗೆ ತಂಪಿನಲ್ಲೇ ಹೊರಡೋಣ.
ಗಟ್ಟಿ ಚಪ್ಪಲಿ ಹಾಕಿಕೊಳ್ಳಿ.